ಸ್ಪಷ್ಟನೆ: ಕೊಟ್ಟಿಗೆ ಲೈನಿಗೆ ಪೈಪಿನೊಳಗೆ ಮನೆ ವೈರು ಸಾಲದು

ಕೊಟ್ಟಿಗೆಗೋ ರೇಷ್ಮೆ ಹುಳು ಮನೆಗೋ ಕರೆಂಟ್ ಕೊಡಲು ಒಂದಡಿ ತೋಡಿ, ಪಿವಿಸಿ ಪೈಪಿನಲ್ಲಿ ಮನೆ ವೈರನ್ನೇ ಎಳೆದರೆ ಸಾಕು ಎಂಬ ಸಂದೇಶ ಕೋಲಾರದ ಕಡೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಜೀವಕ್ಕೆ ಅಪಾಯ.

ಪೈಪಿನ ಜೋಡಣೆಗೆ ಎಷ್ಟೇ ಗಮ್ ಹಾಕಿದರೂ ಪೈಪಿನೊಳಗಿನ ಗಾಳಿಯ ತೇವವೇ ಬೆವರಿ ನೀರಾಗಿ ನಿಲ್ಲುತ್ತದೆ. ಮನೆ ವೈರಿನ ಹೊದಿಕೆ ಸದಾ ನೀರಲ್ಲಿರಲು ಮಾಡಿದ್ದಲ್ಲ. ಎಳೆಯುವಾಗ ಬೆಂಡಿನಲ್ಲಿ ಗೀರಿದ ಕಡೆ ಕರೆಂಟ್ ಲೀಕೇಜ್ ಶುರುವಾಗುತ್ತದೆ. ಒಂದಡಿಯಲ್ಲಿ ಗುದ್ದಲಿ, ನೇಗಿಲೂ ತಗಲುತ್ತವೆ.

ಹಾಕಬೇಕಾದ್ದು ಆರ್ಮರ್ಡ್ ಕೇಬಲ್ (ಒಳಗೆ ಉಕ್ಕಿನ ತಂತಿಗಳ ಕವಚವಿರುವ ಕೇಬಲ್), ಕೇಬಲ್ ಹೂಳುವ ಭಾರತೀಯ ಮಾನಕ ಐಎಸ್ 1255ರ ಪ್ರಕಾರ 750 ಮಿ.ಮೀ. ಆಳದಲ್ಲಿ, ಅಂದರೆ ಎರಡೂವರೆ ಅಡಿ. ಕೆಳಗೆ ಮೂರಿಂಚು ಮರಳು, ಕೇಬಲ್ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ನಡುವೆ ಜಾಯಿಂಟ್ ಬೇಡವೇ ಬೇಡ. ಆರ್ಮರ್ ತಂತಿಗಳನ್ನು ಗ್ಲ್ಯಾಂಡ್‌ನಲ್ಲಿ (ಕೇಬಲ್ ತುದಿ ಹಿಡಿಯುವ ಲೋಹದ ಬಿಗಿ) ಬಿಗಿದು ಅರ್ಥ್‌ಗೆ ಸೇರಿಸಿ.

60 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಾಮ್ರದಲ್ಲಿ 16 ಆಂಪ್ ಎಳೆದರೆ ಸುಮಾರು 14 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಚದರ ಮಿ.ಮೀ. ಆದರೆ 6 ವೋಲ್ಟ್. ಮೇವು ಕತ್ತರಿಸುವ ಮೋಟರ್ ಇದ್ದರೆ ದಪ್ಪದ್ದನ್ನೇ ತನ್ನಿ.

ಲೈನ್ ಹೊರಡುವಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಜೊತೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ಕೊಟ್ಟಿಗೆ ಬಳಿ ಅರ್ಥ್ ಗುಂಡಿಯೂ ಬೇಕು. ಗಂಜಲದಿಂದ ಒದ್ದೆಯಾದ ನೆಲದಲ್ಲಿ ನಮ್ಮ ಕಾಲಿಗೆ ಗೊತ್ತಾಗದ ಕರೆಂಟ್ ಸೋರಿಕೆಯೂ ಹಸುವಿನ ಮುಂಗಾಲು ಹಿಂಗಾಲುಗಳ ನಡುವೆ ಹರಿದು ಅದಕ್ಕೆ ಹೊಡೆಯುತ್ತದೆ.