ಲವಂಗಕ್ಕೆ ಜಿರಳೆ ಓಡುತ್ತದೆ, ಆದರೆ ಎಲ್ಲಿಗೆ?

ಈಗ ಯಾರ ಫೋನ್ ನೋಡಿದರೂ ಜಿರಳೆ ಓಡಿಸುವ ವಿಡಿಯೋ ಒಂದಾದರೂ ಸಿಗುತ್ತದೆ. ಪಲಾವ್ ಎಲೆ ಪುಡಿ ಮಾಡಿ ಮೂಲೆಗೆ ಹಾಕಿ, ಸೌತೆಕಾಯಿ ಸಿಪ್ಪೆ ಇಡಿ, ಕರ್ಪೂರದ ನೀರು ಚಿಮುಕಿಸಿ, ಒಂದೇ ರಾತ್ರಿಯಲ್ಲಿ ಜಿರಳೆ ಮಾಯ ಅಂತಾರೆ. ಕೆಮಿಕಲ್ ಸ್ಪ್ರೇ ಬೇಡ ಅನ್ನುವ ಆಸೆ ನನಗೂ ಇದೆ. ಅಡುಗೆ ಮಾಡುವ ಕಟ್ಟೆ, ಮಕ್ಕಳು ತೆವಳುವ ನೆಲ. ಅಲ್ಲಿ ವಿಷ ಹೊಡೆಯಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ಈ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಘಾಟು ವಾಸನೆ ಜಿರಳೆಗೆ ಆಗಿಬರುವುದಿಲ್ಲ, ನಿಜ. ಲವಂಗದ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿದ ಜಾಗಕ್ಕೆ ಬರಲು ಅದು ಹಿಂಜರಿಯುತ್ತದೆ. ಆದರೆ ಹಿಂಜರಿದ ಜಿರಳೆ ಸಾಯುವುದಿಲ್ಲ, ಊರು ಬಿಟ್ಟೂ ಹೋಗುವುದಿಲ್ಲ. ಸಿಂಕ್ ಕೆಳಗಿಂದ ಫ್ರಿಜ್ ಹಿಂದಕ್ಕೆ ಹೋಗುತ್ತದೆ. ಅಪಾರ್ಟ್‌ಮೆಂಟ್ ಆದರೆ ಪೈಪ್ ಹಿಡಿದು ಪಕ್ಕದ ಮನೆಗೆ. ವಾಸನೆ ಆರಿದ ಮೇಲೆ ವಾಪಸ್ ಬರುತ್ತದೆ. ವರ್ಷದಿಂದ ಡಬ್ಬಿಯಲ್ಲಿದ್ದ ಪಲಾವ್ ಎಲೆಯ ವಾಸನೆ ನಮ್ಮ ಮೂಗಿಗೇ ಸಿಗುವುದಿಲ್ಲ, ಅದು ಜಿರಳೆಯನ್ನು ಎಷ್ಟು ದಿನ ತಡೆದೀತು?

ಈ ಹುಳದ ಹಿನ್ನೆಲೆ ಗೊತ್ತಾದರೆ ಇನ್ನೂ ಸ್ಪಷ್ಟವಾಗುತ್ತದೆ. ಅಡುಗೆಮನೆಯಲ್ಲಿ ಜಾಸ್ತಿ ಕಾಣುವುದು ಸಣ್ಣ ಕಂದು ಜಿರಳೆ, ಕತ್ತಿನ ಮೇಲೆ ಎರಡು ಕಪ್ಪು ಗೆರೆ ಇರುತ್ತವೆ. ಅದಕ್ಕೆ ಜರ್ಮನ್ ಜಿರಳೆ ಅನ್ನುತ್ತಾರೆ, 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು. ಆದರೆ 2024ರಲ್ಲಿ ವಿಜ್ಞಾನಿಗಳು ಹಲವು ದೇಶಗಳ ಜಿರಳೆಗಳ ಡಿಎನ್‌ಎ ಹೋಲಿಸಿ ನೋಡಿದಾಗ ಇದರ ತವರು ಭಾರತ ಅಥವಾ ಮ್ಯಾನ್ಮಾರ್ ಕಡೆ ಅಂತ ಗೊತ್ತಾಯಿತು. ಬಯಲಲ್ಲಿ ಬದುಕುವ ಏಷ್ಯಾದ ಜಿರಳೆಯಿಂದ ಸುಮಾರು 2,100 ವರ್ಷದ ಹಿಂದೆ ಕವಲೊಡೆದು ಮನುಷ್ಯರ ಮನೆ ಸೇರಿಕೊಂಡಿತು. ಇವತ್ತು ಅದು ನಾವಿರುವ ಕಡೆ ಮಾತ್ರ ಬದುಕುತ್ತದೆ. ಮಸಾಲೆ ಡಬ್ಬಿಯ ಪಕ್ಕದಲ್ಲೇ ತಲೆತಲಾಂತರದಿಂದ ಬಾಳಿದ ಹುಳ, ನಾಲ್ಕು ಲವಂಗಕ್ಕೆ ಹೆದರಿ ಮನೆ ಬಿಡುತ್ತದೆ ಅಂದರೆ ನಾನಂತೂ ನಂಬುವುದಿಲ್ಲ.

ಅದಕ್ಕೆ ಮುಖ್ಯವಾಗಿ ಬೇಕಾದದ್ದು ನೀರು ಮತ್ತು ಸಂದು. ಊಟ ಇಲ್ಲದೆ ವಾರಗಟ್ಟಲೆ ಇರುತ್ತದೆ, ನೀರಿಲ್ಲದೆ ಅಷ್ಟು ದಿನ ತಡೆಯಲಾರದು. ಒಂದು ರಾತ್ರಿ ಟಾರ್ಚ್ ಹಿಡಿದು ಫ್ರಿಜ್ ಹಿಂದೆ ಬಗ್ಗಿ ನೋಡಿ. ಕಂಪ್ರೆಸರ್ ಮೇಲೆ ಒಂದು ಪ್ಲಾಸ್ಟಿಕ್ ಟ್ರೇ ಇರುತ್ತದೆ, ಒಳಗಿನ ನೀರು ಇಳಿದು ಅಲ್ಲಿ ನಿಲ್ಲುತ್ತದೆ. ಬಿಸಿ, ಕತ್ತಲು, ಕುಡಿಯಲು ನೀರು, ಎಲ್ಲ ಒಂದೇ ಕಡೆ. ಟ್ರೇ ಅಂಚಿನಲ್ಲಿ ಮೆಣಸಿನ ತರಿಯಂಥ ಕಪ್ಪು ಚುಕ್ಕೆ ಕಂಡರೆ ಅದು ಜಿರಳೆಯ ಹಿಕ್ಕೆ. ಅದರ ವಾಸನೆ ಹಿಡಿದೇ ಉಳಿದ ಜಿರಳೆಗಳು ಅಲ್ಲಿಗೆ ಬಂದು ಸೇರುತ್ತವೆ. ಇನ್ನೊಂದು ವಿಷಯ, ಆ ಹಿಕ್ಕೆ ಮತ್ತು ಕಳಚಿದ ಪೊರೆ ಒಣಗಿ ಧೂಳಿಗೆ ಸೇರಿದರೆ ಮಕ್ಕಳಿಗೆ ಉಬ್ಬಸ ಕೆರಳುತ್ತದೆ. ಜಿರಳೆಯನ್ನು ಓಡಿಸಿದರೂ ಈ ಧೂಳು ಅಲ್ಲೇ ಇರುತ್ತದೆ ಅಲ್ವಾ? ಹಾಗಾಗಿ ಪ್ಲಗ್ ತೆಗೆದು, ಟ್ರೇಯನ್ನು ಸೋಪಿನ ನೀರಲ್ಲಿ ಉಜ್ಜಿ ತೊಳೆಯುವುದೇ ಮೊದಲ ಕೆಲಸ. ಮಿಕ್ಸಿಯ ತಳ, ಸ್ಟೋವ್ ಅಡಿ, ಈರುಳ್ಳಿ ಬುಟ್ಟಿಗೆ ಹಾಸಿದ ಹಳೇ ಪೇಪರ್ ಕೂಡ ಬಿಡಬೇಡಿ.

ರಾತ್ರಿ ಮುಸುರೆ ಪಾತ್ರೆ ಉಳಿಸಬೇಡಿ. ಸಿಂಕನ್ನು ಒಣಬಟ್ಟೆಯಲ್ಲಿ ಒರೆಸಿ ಮಲಗಿ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿಸಿ. ಅಂಗಡಿಯಿಂದ ಬಂದ ರಟ್ಟಿನ ಡಬ್ಬ ಒಳಗೆ ಇಟ್ಟುಕೊಳ್ಳಬೇಡಿ, ಅದರ ಮಡಿಕೆಯಲ್ಲಿ ಮೊಟ್ಟೆಚೀಲ ಹೊತ್ತ ಜಿರಳೆ ಬಂದಿರಬಹುದು. ಜರ್ಮನ್ ಜಿರಳೆಯ ಒಂದು ಚೀಲದಲ್ಲಿ 30–40 ಮೊಟ್ಟೆ ಇರುತ್ತವೆ.

ಬಚ್ಚಲಲ್ಲಿ ಕಾಣುವ ದೊಡ್ಡ ಕೆಂಗಂದು ಜಿರಳೆ ಬೇರೆ ಜಾತಿ. ಅದು ಹೆಚ್ಚಾಗಿ ಚರಂಡಿ ಕಡೆಯಿಂದ ಬರುವುದು. ನೆಲದ ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ಯಾವಾಗಲೂ ನೀರು ನಿಂತಿರಬೇಕು, ಆ ನೀರೇ ಅದಕ್ಕೆ ಅಡ್ಡ. ನೆಂಟರು ಬಂದಾಗ ಮಾತ್ರ ಉಪಯೋಗಿಸುವ ಬಾತ್‌ರೂಮಿನಲ್ಲಿ ಆ ನೀರು ಆರಿಹೋಗುತ್ತದೆ, ದಾರಿ ತೆರೆಯುತ್ತದೆ. ವಾರಕ್ಕೊಮ್ಮೆ ಎರಡು ಚೊಂಬು ನೀರು ಸುರಿದರೆ ಸಾಕು. ಇದಕ್ಕಿಂತ ನೈಸರ್ಗಿಕ ಉಪಾಯ ಇನ್ನೇನು ಬೇಕು?

ಹಾಗಂತ ಬಜೆ, ಬೇವಿನ ಎಲೆ, ಲವಂಗ ಸುಮ್ನೆ ದಂಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿಯರು ಅವನ್ನು ಇಡುತ್ತಿದ್ದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ, ಕಾಳಿನ ಡಬ್ಬದಲ್ಲಿ. ವಾಸನೆ ಒಳಗೇ ನಿಲ್ಲುವ ಜಾಗ ಅದು. ಬೀರು, ಡ್ರಾಯರ್ ತೊಳೆದು ಒಣಗಿಸಿದ ಮೇಲೆ ಇಡಿ, ಆಗಾಗ ಬದಲಾಯಿಸಿ. ಡಾಂಬರು ಗುಳಿಗೆಯನ್ನು ಮಾತ್ರ ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ಎಷ್ಟೋ ಮನೆಯಲ್ಲಿ ಹಸುಗೂಸಿನ ಬಟ್ಟೆಯ ಮಧ್ಯೆ ಅದನ್ನು ಇಡುತ್ತಾರೆ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ, ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಗುವಿನ ಕೆಂಪು ರಕ್ತಕಣಗಳು ಒಡೆದು ಜೋರು ಕಾಮಾಲೆ ಬರಬಹುದು. ಕೊರತೆ ಇದೆ ಅಂತ ತಂದೆತಾಯಿಗೆ ಎಷ್ಟೋ ಸಲ ಮೊದಲೇ ಗೊತ್ತೇ ಇರುವುದಿಲ್ಲ.

ಜಿರಳೆ ಆಗಲೇ ಜಾಸ್ತಿಯಾಗಿದ್ದರೆ ಬೋರಿಕ್ ಪೌಡರ್ ಕೆಲಸ ಮಾಡುತ್ತದೆ, ಕೇರಂ ಬೋರ್ಡಿಗೆ ಉದುರಿಸುತ್ತಿದ್ದೆವಲ್ಲ, ಅದೇ. ಸಕ್ಕರೆ, ಹಿಟ್ಟಿನ ಜೊತೆ ಕಲಸಿ ಸಣ್ಣ ಉಂಡೆ ಮಾಡಿ ಮಕ್ಕಳ ಕೈಗೆ, ನಾಯಿ ಬೆಕ್ಕಿನ ಬಾಯಿಗೆ ಸಿಗದ ಸಂದಿನಲ್ಲಿ ಇಡಬೇಕು. ಮನೆಮದ್ದು ಅಂದರೂ ಅದು ವಿಷವೇ, ಡಬ್ಬಿಯ ಮೇಲೆ ದಪ್ಪಗೆ ಬರೆದಿಡಿ. ತಿಂದ ಜಿರಳೆ ಸಾಯಲು ಕೆಲವು ದಿನ ಬೇಕು. ಆ ಉಂಡೆಯ ಹತ್ತಿರ ಲವಂಗದ ಎಣ್ಣೆ, ಕರ್ಪೂರ ಹಾಕಿದರೆ ಮಾತ್ರ ಕೆಲಸ ಕೆಡುತ್ತದೆ. ಹತ್ತಿರವೇ ಬರದ ಜಿರಳೆ ತಿನ್ನುವುದು ಹೇಗೆ?

ಅಪಾರ್ಟ್‌ಮೆಂಟಿನವರಿಗೆ ನನ್ನದೊಂದು ಕೋರಿಕೆ. ಒಬ್ಬರೇ ಒದ್ದಾಡಬೇಡಿ. ವಾಟ್ಸಾಪ್ ಗುಂಪಿನಲ್ಲಿ ಮಾತಾಡಿ ಒಂದು ಭಾನುವಾರ ಗೊತ್ತು ಮಾಡಿಕೊಳ್ಳಿ. ಒಂದೇ ಪೈಪಿನ ಮೇಲಿನ ಮನೆ, ಕೆಳಗಿನ ಮನೆ ಎಲ್ಲರೂ ಅದೇ ದಿನ ಸಿಂಕ್ ಕೆಳಗೆ ಪೈಪ್ ಗೋಡೆಗೆ ಸೇರುವ ತೂತನ್ನು ವೈಟ್ ಸಿಮೆಂಟ್ ಹಾಕಿ ಮುಚ್ಚಿ. ಡಕ್ಟ್‌ನಲ್ಲಿ ಬಿದ್ದಿರುವ ಕಸವನ್ನೂ ಅವತ್ತೇ ತೆಗೆಸಿ.