ಮಾವನ ಬಾಲ್ಕನಿ ಮತ್ತು ಸೋಮಾರಿ ದೇಶ

ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಸೋದರಮಾವ ಬಾಲ್ಕನಿಯಲ್ಲಿ ಕೂತು ದೇಶ ಹಾಳಾಯ್ತು ಎಂದು ಘೋಷಿಸುತ್ತಾರೆ. ಎರಡನೇ ಕಾಫಿ ಬರುವಷ್ಟರಲ್ಲಿ ಕಾರಣವೂ ಸಿಕ್ಕಿರುತ್ತದೆ. ಆ ಕಾರಣ ಒಳಗಿನ ರೂಮಿನಲ್ಲಿ ಮುಸುಕು ಹೊದ್ದು ಮಲಗಿರುತ್ತದೆ. ಅವರ ಮೊಮ್ಮಗ, ಇಪ್ಪತ್ತನಾಲ್ಕು ವರ್ಷದ ಹುಡುಗ.

"ಸೂರ್ಯ ನೆತ್ತಿಗೆ ಬಂದ್ರೂ ಎದ್ದಿಲ್ಲ ನೋಡು. ನಮ್ಮ ಕಾಲದಲ್ಲಿ ಹೀಗಿತ್ತಾ?"

ಹುಡುಗ ಮಲಗಿದ್ದು ರಾತ್ರಿ ಎರಡಕ್ಕೆ. ಅವನ ಕಂಪನಿಯ ಗಿರಾಕಿಗಳು ಅಮೆರಿಕದಲ್ಲಿದ್ದಾರೆ. ಅವನು ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಮಾವ ಮಲಗಿ ಐದು ಗಂಟೆಯಾಗಿರುತ್ತದೆ. ಹಾಗಾಗಿ ಮಾವನಿಗೆ ಅವನ ನಿದ್ದೆ ಮಾತ್ರ ಕಾಣುತ್ತದೆ. ಕೆಲಸ ಕಾಣೋದಿಲ್ಲ.

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ನಮ್ಮ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಮಾವ ಕೂತಲ್ಲೇ ಚಪ್ಪಾಳೆ ತಟ್ಟಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರು 90 ಗಂಟೆ ಅಂದಾಗ ಇನ್ನೊಮ್ಮೆ ತಟ್ಟಿದರು. ತರಕಾರಿ ಹರಾಜೂ ಇಷ್ಟು ಬೇಗ ಏರೋದಿಲ್ಲ. ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟೊತ್ತು ನೋಡ್ತೀರಿ ಅಂತಲೂ ಸುಬ್ರಹ್ಮಣ್ಯನ್ ಕೇಳಿದ್ದರಲ್ಲ, ಅದಕ್ಕೆ ಮಾವ ನಕ್ಕರು. ಅತ್ತೆ ನಗಲಿಲ್ಲ. ಕುಕ್ಕರ್ ಮೂರನೇ ಸಲ ಕೂಗಿತ್ತು, ಆರಿಸೋಕೆ ಹೋದರು.

ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಬ್ರಿಟಿಷ್ ಸರ್ಕಾರ 1911ರಲ್ಲಿ ಬಟ್ಟೆ ಗಿರಣಿಯ ಗಂಡಸರನ್ನು ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂದು ಕಾಯ್ದೆ ಮಾಡಿತು. ಭಾನುವಾರದ ರಜೆ ಅದಕ್ಕೂ ಮೊದಲೇ ಬಂದಿತ್ತು. ಮುಂಬೈನ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಗಿರಣಿ ಮಾಲೀಕರಿಂದ ಗಿಟ್ಟಿಸಿದ ರಜೆ ಅದು. ಆರು ದಿನಕ್ಕೆ 12 ಗಂಟೆಯಂತೆ 72 ಆಯ್ತು. ಅಂದರೆ ಮೂರ್ತಿಯವರು ಬ್ರಿಟಿಷರಿಗಿಂತ ಎರಡು ಗಂಟೆ ಉದಾರಿಗಳು. ಸುಬ್ರಹ್ಮಣ್ಯನ್ ಅವರ 90ನ್ನು ಕೇಳಿದ್ದರೆ ಆ ಕಾಲದ ವೈಸ್‌ರಾಯ್ ಕೂಡ "ಸ್ವಲ್ಪ ಜಾಸ್ತಿ ಆಯ್ತಲ್ವಾ?" ಅನ್ನುತ್ತಿದ್ದನೇನೋ. ಆಮೇಲೆ 60, 54 ಅಂತ ಇಳಿಯುತ್ತಾ, ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡು ಹೊರಬಂದ 1946ರ ಹೊತ್ತಿಗೆ ವಾರಕ್ಕೆ 48ಕ್ಕೆ ನಿಂತಿತು. ಏರಿದ ಮೆಟ್ಟಿಲನ್ನು ಈಗ ಹಿಮ್ಮುಖವಾಗಿ ಇಳಿಯುವುದಕ್ಕೆ ಪ್ರಗತಿ ಅಂತ ಹೆಸರು.

ಆ 48 ಗಂಟೆಯ ಪೂರ್ತಿ ಸುಖ ಉಂಡವರು ನಮ್ಮ ಮಾವ. ಬೆಂಗಳೂರಿನ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಇದ್ದರು. ಸೈರನ್ ಕೂಗಿದ ಮೇಲೆ ಒಂದು ನಿಮಿಷ ಒಳಗಿರುತ್ತಿರಲಿಲ್ಲ. ಕಾರ್ಖಾನೆ ಬಸ್ಸಲ್ಲಿ ಕಿಟಕಿ ಸೀಟು, ಐದಕ್ಕೆ ಮನೆ, ಆರಕ್ಕೆ ನಾಟಕದ ತಾಲೀಮು. ಕಾರ್ಖಾನೆಯ ಕನ್ನಡ ಸಂಘದ ನಾಟಕಗಳಲ್ಲಿ ಮಾವನದು ಯಾವಾಗಲೂ ಮಂತ್ರಿಯ ಪಾತ್ರ. ರಾಜ್ಯೋತ್ಸವಕ್ಕೆ ಒಂದು ತಿಂಗಳ ಮೊದಲಿನಿಂದ ಶಿಫ್ಟಿನಲ್ಲೂ ಡೈಲಾಗೇ. 1980ರ ಕೊನೆಯಲ್ಲಿ ಶುರುವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಮಾವ 77 ದಿನವೂ ಗೇಟಿನ ಹೊರಗಿದ್ದರು. ಇದನ್ನೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಸಂಜೆಗಳಿಂದ ಈ ಊರಿಗೆ ಎಷ್ಟು ನಟರು, ಎಷ್ಟು ಕನ್ನಡ ಸಂಘಗಳು ಸಿಕ್ಕವು! ನನ್ನ ತಕರಾರು ಬೇರೆ. ಅದೇ ಮಾವನ ನೆನಪಿನಲ್ಲಿ ಈಗ ಆ ಸಂಜೆಗಳೇ ಇಲ್ಲ. ಬರೀ ಬೆವರಿದೆ.

ಅವರಪ್ಪ, ಅಂದರೆ ನಮ್ಮ ತಾತ, ಮದ್ದೂರಿನ ಹತ್ತಿರ ಗದ್ದೆ ಮಾಡಿಸುತ್ತಿದ್ದವರು. "ನೆರಳಲ್ಲಿ ಫ್ಯಾನ್ ಕೆಳಗೆ ನಿಂತು ಬೋಲ್ಟು ತಿರುಗಿಸೋದಕ್ಕೂ ಸಂಬಳ ಕೊಡ್ತಾರಂತೆ, ಕಲಿಗಾಲ" ಅನ್ನುತ್ತಿದ್ದರು. ಹೀಗಂದ ತಾತ ಸುಗ್ಗಿ ಮುಗಿದ ಮೇಲೆ ಯುಗಾದಿವರೆಗೂ ಅರಳಿಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅವರಪ್ಪನ ದೂರು ಇನ್ನೂ ಚೆನ್ನಾಗಿತ್ತಂತೆ. ಕನ್ನಂಬಾಡಿ ಕಟ್ಟೆ ಕಟ್ಟಿ ನಾಲೆಗೆ ನೀರು ಬಿಟ್ಟಿದ್ದೇ ತಪ್ಪು, ಏತ ಎಳೆಯೋದು ಬಿಟ್ಟು ಹುಡುಗರು ಮೈಗಳ್ಳರಾದರು ಅಂತ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅನ್ನೋ ಗಾದೆ ಯಾವ ಕಾಲದ್ದೋ ಏನೋ. ಆಗ ಎಲ್ಲರೂ ನಿಂತೇ ದುಡಿಯುತ್ತಿದ್ದರೆ ಈ ಗಾದೆ ಯಾರನ್ನು ನೋಡಿ ಕಟ್ಟಿದರು?

ಮೂರ್ತಿಯವರು ಉದಾಹರಣೆ ಕೊಟ್ಟಿದ್ದು ಯುದ್ಧ ಮುಗಿದ ಮೇಲಿನ ಜರ್ಮನಿ, ಜಪಾನುಗಳದ್ದು. ಇವತ್ತಿನ ಜರ್ಮನಿಯಲ್ಲಿ ಒಬ್ಬ ಕೆಲಸಗಾರ ವರ್ಷಕ್ಕೆ ಸರಾಸರಿ ಸುಮಾರು 1340 ಗಂಟೆ ದುಡಿಯುತ್ತಾನೆ. ಶ್ರೀಮಂತ ದೇಶಗಳ ಪಟ್ಟಿಯಲ್ಲೇ ಕಡಿಮೆ. ಅಲ್ಲಿನ ಚಾನ್ಸಲರ್ ಮೆರ್ಜ್ 2025ರಲ್ಲಿ ಗೆದ್ದು ಬಂದವರೇ, ವಾರಕ್ಕೆ ನಾಲ್ಕು ದಿನ ಕೆಲಸ ಅಂತ ಕೂತರೆ ಸಿರಿತನ ಉಳಿಯೋದಿಲ್ಲ ಅಂತ ಬೈದರು. ಜರ್ಮನಿಯಲ್ಲೂ ಒಬ್ಬ ಮಾವ ಇದ್ದಾರೆ ಅಂತಾಯ್ತು. ಜಪಾನಿನಲ್ಲಿ ದುಡಿದು ದುಡಿದೇ ಸಾಯುವುದಕ್ಕೆ ಒಂದು ಪದವೇ ಇದೆ, ಕರೋಶಿ. ನಮ್ಮಲ್ಲೋ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ದುಡಿಯುವವರ ಪೈಕಿ ಅರ್ಧದಷ್ಟು ಜನ ಈಗಲೇ ವಾರಕ್ಕೆ 49 ಗಂಟೆ ದಾಟಿದ್ದಾರೆ. ಇದು ಸೋಮಾರಿಗಳ ದೇಶ!

ಇಂಥ ಭಾಷಣಗಳಿಗೆ ಮಂಗಳ ಹಾಡುವುದು "ಕಾಯಕವೇ ಕೈಲಾಸ"ದಿಂದಲೇ. ಎಷ್ಟೋ ಆಫೀಸುಗಳ ಗೋಡೆಯಲ್ಲೂ ಅದೇ ಬೋರ್ಡು, ಪಕ್ಕದಲ್ಲಿ ಹಾಜರಿ ಮೆಷಿನ್. ಆಯ್ದಕ್ಕಿ ಲಕ್ಕಮ್ಮನ ಕಥೆ ಮಾತ್ರ ಯಾರೂ ನೆನಪಿಸೋದಿಲ್ಲ. ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ತಂದ. ಲಕ್ಕಮ್ಮ ಮೆಚ್ಚಿಕೊಳ್ಳಲಿಲ್ಲ. ಇಷ್ಟೊಂದು ಆಸೆ ಯಾಕೆ, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸ್ ಅಟ್ಟಿದಳು. ಆಕೆಯನ್ನು ಇವತ್ತು ಎಚ್‌ಆರ್ ಮಾಡಿದರೆ ಕಂಪನಿ ಮೊದಲ ವಾರವೇ ಅವಳ ಐಡಿ ಕಾರ್ಡ್ ಕಿತ್ತುಕೊಳ್ಳುತ್ತದೆ.

ಅತ್ತೆಯ ಲೆಕ್ಕ ಬಾಕಿ ಉಳಿಯಿತು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಹಾಕುತ್ತಾರೆ. ಗಂಡಸರು 97. ಅದೂ ಮಾಡುವ ಗಂಡಸರ ಲೆಕ್ಕ. ಮಾಡುವವರು ನೂರಕ್ಕೆ 26 ಜನ ಮಾತ್ರ. ಹೆಂಗಸರದು ವಾರಕ್ಕೆ ಸುಮಾರು 35 ಗಂಟೆ ಆಯ್ತು, ಭಾನುವಾರವೂ ಸೇರಿ. ಲೋಖಂಡೆ ಗಿಟ್ಟಿಸಿದ ರಜೆ ಅಡುಗೆಮನೆವರೆಗೆ ಬಂದೇ ಇಲ್ಲ. ಇದನ್ನು ಮಾವನಿಗೆ ಓದಿ ಹೇಳಿದೆ. "ಹೌದೌದು, ಈಗಿನ ಹೆಣ್ಣುಮಕ್ಕಳಿಗೆ ಮಿಕ್ಸಿ ಬಂದು ಮೈ ಬಗ್ಗೋದಿಲ್ಲ" ಅಂದರು. ಒಳಗಿನಿಂದ ಮಿಕ್ಸಿ ಸ್ವಲ್ಪ ಜೋರಾಗಿಯೇ ತಿರುಗಿತು.

ಹೋದ ಶುಕ್ರವಾರ ಅಲ್ಲೇ ಉಳಿದಿದ್ದೆ. ರಾತ್ರಿ ಹನ್ನೊಂದೂವರೆಗೆ ಮಾವ ಬಾತ್‌ರೂಮಿಗೆ ಎದ್ದವರು ಹಾಲಿನಲ್ಲಿ ಬೆಳಕು ಕಂಡು ನಿಂತರು. ಮೊಮ್ಮಗ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದ. ಸ್ಕ್ರೀನಿನ ಆ ಕಡೆ ಅಮೆರಿಕದ ಮ್ಯಾನೇಜರ್, ಹಿಂದೆ ಕಿಟಕಿಯಲ್ಲಿ ಬಿಸಿಲು. ಅವನು ನಗುತ್ತಾ ಏನೋ ಹೇಳಿ ಕೈಬೀಸಿ ಹೊರಟ. ಮಗಳ ಫುಟ್‌ಬಾಲ್ ಮ್ಯಾಚ್ ಇದೆಯಂತೆ, ವರದಿ ಭಾನುವಾರದೊಳಗೆ ಕಳಿಸಬೇಕಂತೆ.

ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ನೋಡಿದ್ಯಾ? ರಾತ್ರಿ ಹನ್ನೊಂದೂವರೆಗೂ ಆಫೀಸಲ್ಲಿದ್ದಾನೆ ಪುಣ್ಯಾತ್ಮ. ಆ ದೇಶ ಸುಮ್ನೆ ಮುಂದೆ ಬಂತಾ?"