ಯಾರ್ರೀ ಈ ಮಂಗಳ?

ನಾನು ವಿಜ್ಞಾನ ಕಥೆ ಬರೆಯುತ್ತೇನೆ. ಒಮ್ಮೆ ಒಂದು ಪತ್ರಿಕೆಯವರು ನನ್ನ ಹೆಸರಿನ ಕೆಳಗೆ 'ಉದಯೋನ್ಮುಖ ಲೇಖಕ' ಅಂತ ಹಾಕಿದ್ದರು. ಅದಾಗಿ 6 ವರ್ಷವಾಯಿತು, ಇನ್ನೂ ಉದಯಿಸುತ್ತಲೇ ಇದ್ದೇನೆ. ಸೂರ್ಯನೇನಾದರೂ ಹೀಗೆ ಮಾಡಿದ್ದರೆ ಜನ ಕಾದು ಕಾದು ಮತ್ತೆ ಹೊದ್ದು ಮಲಗಿಬಿಡುತ್ತಿದ್ದರು.

ಹಗಲು ಆಫೀಸು, ರಾತ್ರಿ ಮಂಗಳ ಗ್ರಹ. ಮೊದಲನೆಯದರಿಂದ ಸಂಬಳ ಬರುತ್ತದೆ, ಎರಡನೆಯದರಿಂದ ಸೊಂಟನೋವು. ಆದರೆ ಐಡಿಯಾಗಳಿಗೆ ಈ ಪಾಳಿ ಲೆಕ್ಕ ಗೊತ್ತಿಲ್ಲ, ಮೀಟಿಂಗ್ ಮಧ್ಯೆಯೋ ಮುಖಕ್ಕೆ ಸೋಪು ಹಚ್ಚಿಕೊಂಡಾಗಲೋ ಬಂದು ನಿಲ್ಲುತ್ತವೆ. ಹಾಗಾಗಿ ಕೈಗೆ ಸಿಕ್ಕ ಚೀಟಿಯ ಮೇಲೆ ಗೀಚಿ ಜೇಬಿಗೆ ತುರುಕುವ ಅಭ್ಯಾಸ ನನ್ನದು.

ಮೊನ್ನೆ ಬಟ್ಟೆ ಒಗೆಯಲು ಹಾಕುವಾಗ ಅಂಥದ್ದೊಂದು ಚೀಟಿ ಹೆಂಡತಿಯ ಕೈಗೆ ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟೇ: 'ಮಂಗಳ ಹತ್ತಿರ ಬರುವುದು 26 ತಿಂಗಳಿಗೊಮ್ಮೆ. ಆಗಲೇ ಹೊರಟುಬಿಡಬೇಕು. ಹೆಂಡತಿಗೆ ಹೇಳುವುದು ಹೇಗೆ?'

"ಯಾರ್ರೀ ಈ ಮಂಗಳ?"

"ಗ್ರಹ ಕಣೇ!" ಅಂದೆ.

"ಗ್ರಹಚಾರ ಅನ್ನಿ" ಅಂದಳು.

ಆಮೇಲೆ ಅರ್ಧ ಗಂಟೆ ಪಾಠ ಮಾಡಿದೆ. ಭೂಮಿ, ಮಂಗಳ ಎರಡೂ ಸೂರ್ಯನನ್ನು ಸುತ್ತುತ್ತವೆ, ನಮ್ಮದು ಸ್ವಲ್ಪ ಜಾಸ್ತಿ ವೇಗ, ಹಾಗಾಗಿ ಸುಮಾರು 26 ತಿಂಗಳಿಗೊಮ್ಮೆ ಎರಡೂ ಹತ್ತಿರವಾಗುತ್ತವೆ, ನೌಕೆಗಳನ್ನು ಆ ಸಮಯ ನೋಡಿಯೇ ಹಾರಿಸುತ್ತಾರೆ, ಪ್ರಯಾಣ ಸುಮಾರು 7 ತಿಂಗಳು, ಹೋಗುವವನು ನನ್ನ ಕಥಾನಾಯಕ, ಹೆಂಡತಿಯೂ ಅವನದೇ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅಷ್ಟು ದಿನ ಅವಳು ಏನು ಮಾಡ್ತಾಳೆ?"

ನೌಕೆಯ ಇಂಧನಕ್ಕೆ ಮೂರು ಪುಟ ಲೆಕ್ಕ ಹಾಕಿದ್ದೆ. ಇದನ್ನು ಯೋಚಿಸಿರಲೇ ಇಲ್ಲ. "ಕಾಯ್ತಾಳೆ" ಅಂದೆ. "ಹೌದಾ" ಅಂದಳು. ಆ 'ಹೌದಾ' ಕೇಳಿಸಿಕೊಂಡ ಮೇಲೆ ಕಥೆಯನ್ನು ಹಾಗೆಯೇ ಬಿಡುವ ಧೈರ್ಯ ಯಾರಿಗಿದೆ?

ಸರಿ, ಗಂಡ ಹೆಂಡತಿ ಫೋನಿನಲ್ಲಿ ಜಗಳವಾಡುವ ದೃಶ್ಯ ಸೇರಿಸಿದೆ. ಎರಡು ರಾತ್ರಿ ಕೂತು ಬರೆದದ್ದು, ಒಟ್ಟು 60 ಮಾತು, ಒಂದಕ್ಕೊಂದು ಪಟಪಟ ಉತ್ತರ. ಕೈ ನೋಯುತ್ತಿದ್ದರಿಂದ ಉಳಿದ ಭಾಗವನ್ನು ಮೊಬೈಲಿಗೆ ಬಾಯಲ್ಲೇ ಹೇಳಿ ಬರೆಸಿ, ಭೌತಶಾಸ್ತ್ರ ಕಲಿಸುವ ಗೆಳೆಯನಿಗೆ ಕಳಿಸಿದೆ.

ಮರುದಿನವೇ ಫೋನ್ ಬಂತು. "ಕಥೆ ಹೇಗಿದೆ" ಅಂತ ಕೇಳಿದರೆ "ಇವರಿಬ್ಬರೂ ಫೋನಿನಲ್ಲಿ ಮಾತಾಡ್ತಿರೋದು ಹೇಗೆ?" ಅಂದ. ಮಂಗಳ ತೀರಾ ಹತ್ತಿರ ಬಂದಾಗಲೂ ಸುಮಾರು 5.5 ಕೋಟಿ ಕಿ.ಮೀ. ದೂರ, ದೂರ ಹೋದಾಗ ಸುಮಾರು 40 ಕೋಟಿ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡಿದರೂ ಮಾತು ತಲುಪಲು 3ರಿಂದ 22 ನಿಮಿಷ ಬೇಕು. ಅಂದರೆ ಮಂಗಳ ತೀರಾ ದೂರವಿದ್ದಾಗ ಇವನು 'ಹಲೋ' ಅಂದರೆ ಅವಳ 'ಹಲೋ' ಬರುವಷ್ಟರಲ್ಲಿ 44 ನಿಮಿಷ. ನನ್ನ 60 ಮಾತಿನ ಜಗಳ ಮುಗಿಯಲು 22 ಗಂಟೆ. ಯಾವ ಜಗಳವೂ ಅಷ್ಟು ಹೊತ್ತು ನಡೆಯುವುದಿಲ್ಲ ಅಂತ ಬರೆಯಲು ಹೊರಟಿದ್ದೆ, ಬೇಡ ಬಿಡಿ.

ಅಷ್ಟಕ್ಕೇ ಬಿಡಲಿಲ್ಲ. ನನ್ನ ನಾಯಕನನ್ನು ಬಿರುಗಾಳಿ ಎತ್ತಿ ಎಸೆದಿತ್ತು. ಅಲ್ಲಿನ ಗಾಳಿಯ ಒತ್ತಡ ನಮ್ಮಲ್ಲಿನ ನೂರನೇ ಒಂದು ಪಾಲೂ ಇಲ್ಲವಂತೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೀಸಿದರೂ ಹೆಚ್ಚೆಂದರೆ ತಲೆಗೂದಲು ಕೆದರೀತು. ಅದೂ ಹೆಲ್ಮೆಟ್ಟಿನೊಳಗಿದೆ! ಇನ್ನು ನಾನು ಹೇಳಿ ಬರೆಸಿದ 'ಫೋಬೋಸ್ ಪಶ್ಚಿಮದಲ್ಲಿ ಮೂಡಿತು' ಅನ್ನುವ ಸಾಲನ್ನು ಮೊಬೈಲು 'ಫೋನು ಬಾಸ್ ಪಶ್ಚಿಮದಲ್ಲಿ ಮೂಡಿತು' ಅಂತ ಬರೆದುಕೊಂಡಿತ್ತು. ಮಂಗಳದ ಆ ಉಪಗ್ರಹ, ಮಂಗಳ ತನ್ನ ಸುತ್ತ ತಾನು ತಿರುಗುವುದಕ್ಕಿಂತ ಬೇಗ, 7 ಗಂಟೆ 39 ನಿಮಿಷಕ್ಕೇ ಒಂದು ಸುತ್ತು ಹಾಕುವುದರಿಂದ ನಿಜಕ್ಕೂ ಪಶ್ಚಿಮದಲ್ಲೇ ಮೂಡುತ್ತದೆ. ಗೆಳೆಯ ಆ ಸಾಲಿನ ಪಕ್ಕ 'ಪಶ್ಚಿಮ ಸರಿ' ಅಂತ ಗುರುತು ಹಾಕಿದ್ದ. ಬಾಸ್ ಬಗ್ಗೆ ಒಂದು ಮಾತೂ ಇಲ್ಲ.

ಜಗಳವನ್ನು ಮತ್ತೆ ಬರೆದೆ. ಈ ಸಲ ಇಬ್ಬರೂ ಉದ್ದುದ್ದ ಮೆಸೇಜ್ ಕಳಿಸುತ್ತಾರೆ, ಕಳಿಸಿ ಕಾಯುತ್ತಾರೆ. ಹೆಂಡತಿ ಸಿಟ್ಟಿನಿಂದ ಬೈದು ಕಳಿಸುತ್ತಾಳೆ, ಅದು ಇನ್ನೂ ದಾರಿಯಲ್ಲಿರುವಾಗಲೇ ಗಂಡನ 'ತಪ್ಪಾಯ್ತು, ಕ್ಷಮಿಸು' ಅವಳಿಗೆ ತಲುಪುತ್ತದೆ. ಈ ಜಾಗ ಬರೆಯುವಾಗ ನನಗೇ ಸ್ವಲ್ಪ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ರಾತ್ರಿ ಒಂದೂವರೆಗೆ ಹೆಂಡತಿಯನ್ನು ಎಬ್ಬಿಸಿ ಓದಿಸಿದೆ. ಅರ್ಧ ಕಣ್ಣು ಬಿಟ್ಟು ಓದಿದಳು.

"ಅವಳು ಬೈದದ್ದು ಇವನಿಗೆ ಇನ್ನೂ ತಲುಪಿಲ್ಲ, ಅಲ್ವಾ?"

"ಇಲ್ಲ."

"ಆದ್ರೂ ತಪ್ಪಾಯ್ತು ಅಂತಿದ್ದಾನೆ."

"ಹೂಂ, ಅದೇ ನೋಡು..."

"ಹಾಗಾದ್ರೆ ಇವನು ಬೇರೆ ಏನೋ ಮಾಡಿದ್ದಾನೆ. ಏನದು?" ಅಂದವಳು ಮಗ್ಗುಲು ಬದಲಿಸಿ ಮಲಗಿಬಿಟ್ಟಳು.

ಕಥೆ ಕಳಿಸಬೇಕಾದ ದಿನ ಮುಗಿದು ನಾಲ್ಕು ದಿನವಾಯಿತು. ಅವನು ಏನು ಮಾಡಿದ್ದಾನೆ ಅಂತ ನಾನಿನ್ನೂ ಹುಡುಕುತ್ತಿದ್ದೇನೆ. ಚೀಟಿಯಲ್ಲಿ ಮಾತ್ರ ಬರೆದಿಟ್ಟುಕೊಳ್ಳುತ್ತಿಲ್ಲ.